ಕೆಳಗೆ, ಸ್ವಲ್ಪ ಬಲಕ್ಕೆ

ಮನುಷ್ಯನ ಜಾಣತನಕ್ಕೆ ಸಾಕ್ಷಿ ಹೇಳುವವರು ಸಿಗುವುದು ಕಷ್ಟ. ದಡ್ಡತನಕ್ಕೆ ಮಾತ್ರ ಓಣಿ ತುಂಬ ಸಾಕ್ಷಿಗಳು. ಹತ್ತು ಮದುವೆಗಳಲ್ಲಿ ಒಂದು ಹನಿ ಚೆಲ್ಲದೆ ಸಾರು ಬಡಿಸಿದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಹನ್ನೊಂದನೆಯದರಲ್ಲಿ ಬೀಗರ ಧೋತರದ ಮೇಲೆ ಒಂದು ಸೌಟು ಬಿತ್ತೆನ್ನಿ, ಅದು ಎರಡೂ ಮನೆತನಗಳ ಇತಿಹಾಸಕ್ಕೆ ಸೇರಿಹೋಗುತ್ತದೆ. ಈ ಅನ್ಯಾಯದ ಬಗ್ಗೆ ನನಗೂ ಬಹಳ ಕಾಲ ಸಿಟ್ಟಿತ್ತು. ಈಗಿಲ್ಲ. ನನ್ನ ಕೈಲಾಗದತನವನ್ನು ಇಷ್ಟು ಜನ ಇಷ್ಟು ಶ್ರದ್ಧೆಯಿಂದ ನೆನಪಿಟ್ಟುಕೊಂಡಿದ್ದರಲ್ಲ ಎಂದು ಇವತ್ತಿಗೂ ಅವರನ್ನು ನೆನೆದು ಕೈಮುಗಿಯುತ್ತೇನೆ. ಅದೇಕೆಂದು ಹೇಳಬೇಕಾದರೆ ಬಂದೂಕಿನ ಕಥೆ ಹೇಳಬೇಕು. ಹೆದರಬೇಡಿ, ಇದರಲ್ಲಿ ಯಾರೂ ಸಾಯುವುದಿಲ್ಲ. ನಾನು ಹಿಡಿದ ಬಂದೂಕಿನಿಂದ ಯಾರಾದರೂ ಸಾಯಬೇಕೆಂದರೆ ಅವರು ನಾನು ಗುರಿಯಿಟ್ಟ ಜಾಗದಿಂದ ಬಹಳ ದೂರ ನಿಂತಿರಬೇಕಾಗುತ್ತದೆ.

ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು. ಊರಿಗೆಲ್ಲ ಜೋಶಿ ಮಾಸ್ತರ. ಚಿಂತೆ ನನಗೆ ತಂದೆಯಿಂದ ಬಂದ ಆಸ್ತಿ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು, ಇದನ್ನು ಪಾಲು ಕೇಳಲು ಯಾರೂ ಬರಲಿಲ್ಲ. ಬಸ್ಸು ತಡವಾದರೆ ಎಲ್ಲರೂ ಚಿಂತಿಸುತ್ತಾರೆ. ಸರಿಯಾದ ಹೊತ್ತಿಗೆ ಬಂದರೂ ಏನೋ ಎಡವಟ್ಟಾಗಿರಬೇಕೆಂದು ಚಿಂತಿಸುವವನು ನಾನು. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಓಣಿಯ ತಿರುವಿನಿಂದ ಮತ್ತೆ ಬಂದು ಎಳೆಯುತ್ತೇನೆ. ಹೀಗೆ ಎಳೆದೆಳೆದೇ ಒಂದು ಕೊಂಡಿ ಕಿತ್ತುಬಂದದ್ದೂ ಉಂಟು. ನನ್ನ ಹೆಂಡತಿ ಮಂದಾಕಿನಿ ಇದಕ್ಕೆ ತದ್ವಿರುದ್ಧ. ಮರಾಠಿ ಕನ್ನಡ ಎರಡೂ ಆಡುವ ಮನೆಯಿಂದ ಬಂದವಳು. ಲೆಕ್ಕ ಮಾಡುವಾಗ ಮರಾಠಿ, ಬೈಯುವಾಗ ಕನ್ನಡ, ನನ್ನ ವಿಷಯ ಬಂದಾಗ ಎರಡೂ ಬೇಕಾಗುತ್ತವೆ. ಅವಳು ಚಿಂತೆ ಮಾಡಿದ್ದನ್ನು ನಾನು ಕಂಡಿಲ್ಲ. ಮದುವೆಯಾದ ಹೊಸದರಲ್ಲಿ ಇವಳಿಗೆ ಏನಾದರೂ ತೊಂದರೆ ಇದೆಯೇನೋ ಎಂದು ಅದನ್ನೂ ನಾನೇ ಚಿಂತಿಸಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಐವಾನ್-ಎ-ಶಾಹಿ ಕಡೆಯ ನಮ್ಮ ಓಣಿಯ ಕೊನೆಯ ಮನೆಗೆ ಕಳ್ಳರು ನುಗ್ಗಿ ನೀರು ಕಾಯಿಸುವ ತಾಮ್ರದ ಹಂಡೆ ಹೊತ್ತೊಯ್ದರು. ಮನೆಯವರಿಗಿಂತ ಹೆಚ್ಚು ನಿದ್ದೆ ಕೆಟ್ಟದ್ದು ನನಗೆ. ಅದೇ ವಾರ ಪತ್ರಿಕೆಯಲ್ಲಿ ಪ್ರಕಟಣೆ ಬಂತು: ನಾಗರಿಕರಿಗೆ ಪೊಲೀಸರಿಂದ ಬಂದೂಕು ತರಬೇತಿ, ಕೊನೆಯಲ್ಲಿ ಗುರಿ ಹೊಡೆಯುವ ಸ್ಪರ್ಧೆ, ಗೆದ್ದವರಿಗೆ ಬೆಂಗಳೂರಿನ ರಾಜ್ಯಮಟ್ಟದ ಸ್ಪರ್ಧೆಗೆ ಅವಕಾಶ. ನಾನು ಹೆಸರು ಕೊಡುತ್ತೇನೆಂದೆ.

"ಮನ್ಯಾಗ ಬಂದೂಕ ಎಲ್ಲ್ಯದರೀ?" ಎಂದಳು ಮಂದಾ.

"ಬಂದೂಕ ಇಲ್ಲ. ಸರ್ಟಿಫಿಕೇಟ್ ಕೊಡ್ತಾರ."

"ಕಳ್ಳ ಬಂದಾಗ ಅದನ್ನ ತೋರಸ್ತೀರೇನು? ಕಟ್ಟು ಹಾಕಿಸಿ ಬಾಗಿಲಿಗೇ ಬಡೀರಿ ಹಂಗಾದ್ರ, ಪಾಪ ಓದ್ಕೊಂಡು ಹೋಗ್ಲಿ."

ಹೆಸರು ಕೊಟ್ಟ ಮೇಲೆ ಒಬ್ಬನೇ ಹೋಗಲು ಹೆದರಿಕೆಯಾಯಿತು. "ನೀನೂ ಬಾ. ಅಲ್ಲಿ ನನಗ ಏನರ ಆದ್ರ ನೋಡಾಕ ಯಾರರ ಬೇಕಲ್ಲ" ಎಂದೆ. ಹೀಗೆ ಮಂದಾ ಬಂದೂಕು ಹಿಡಿಯಲು ಬಂದವಳಲ್ಲ, ನೋವಿನ ಮುಲಾಮು ಮತ್ತು ಚಹಾದ ಥರ್ಮಾಸು ಹಿಡಿಯಲು ಬಂದವಳು. ತರಬೇತಿಯ ಅಧಿಕಾರಿ ಬಿರಾದಾರ ಸಾಹೇಬರು, ಸುಮ್ಮನೆ ಕೂರುವುದೇಕೆಂದು ಅವಳ ಹೆಸರನ್ನೂ ಬರೆದುಕೊಂಡರು.

ಭಾನುವಾರ ಭಾನುವಾರ ಒಂದು ವ್ಯಾನಿನಲ್ಲಿ ನಮ್ಮನ್ನು ಕಮಲಾಪುರದ ಆಚೆಯ ಕೆಂಪು ಮಣ್ಣಿನ ಗುಡ್ಡದ ಬುಡಕ್ಕೆ ಒಯ್ಯುತ್ತಿದ್ದರು. ಅಲ್ಲಿ ನಮ್ಮ ಕೈಗೆ ಸಿಕ್ಕದ್ದು ತ್ರೀ ನಾಟ್ ತ್ರೀ ಎಂಬ ಹಳೆಯ ಮಿಲಿಟರಿ ಬಂದೂಕು. ಎರಡನೇ ಮಹಾಯುದ್ಧ ಮುಗಿಸಿ, ಪೊಲೀಸರ ಹೆಗಲ ಮೇಲೆ ಊರೂರು ಬಂದೋಬಸ್ತು ತಿರುಗಿ, ಪಿಂಚಣಿಯ ಹೊಸ್ತಿಲಿಗೆ ಬಂದು ನಿಂತಾಗ ನಮ್ಮಂಥವರ ಪಾಲಿಗೆ ಬಿದ್ದ ಹಿರಿಯರು ಅವು. ವಯಸ್ಸಿನಲ್ಲಿ ನನಗಿಂತ ದೊಡ್ಡದಾದ್ದರಿಂದ ನಾನು ನನ್ನ ಬಂದೂಕನ್ನು ಮೊದಲ ದಿನ ಕಣ್ಣಿಗೊತ್ತಿಕೊಂಡೆ. ಅದರ ಮರಕ್ಕೆ ಅಗಸಿ ಎಣ್ಣೆ ಉಜ್ಜುತ್ತಿದ್ದರು. ಗುರಿಯಿಡಲೆಂದು ಕೆನ್ನೆ ಆನಿಸಿದ ಕೂಡಲೇ ಮೂಗಿಗೆ ಆ ವಾಸನೆ, ಮನಸ್ಸಿಗೆ ಅಗಸಿ ಹಿಂಡಿ, ಬಿಸಿ ರೊಟ್ಟಿ. ವೈರಿಗಳನ್ನು ನಡುಗಿಸಿದ ಆಯುಧ ನನಗೆ ಬರೀ ಹಸಿವು ತರಿಸುತ್ತಿತ್ತು.

ಆ ಬಂದೂಕಿಗೆ ದುರ್ಬೀನು ಗಿರ್ಬೀನು ಇಲ್ಲ. ಕಣ್ಣಿನ ಹತ್ತಿರ ಒಂದು ಕಿಂಡಿ, ನಳಿಗೆಯ ತುದಿಯಲ್ಲಿ ಒಂದು ಕಡ್ಡಿಯಷ್ಟು ಕಬ್ಬಿಣ, ದೂರದಲ್ಲಿ ಗುರಿಹಲಗೆಯ ಕಾಗದ, ಅದರ ನಡುವೆ ಕರಿ ಚುಕ್ಕೆ. ಮೂರನ್ನೂ ಒಂದೇ ಗೆರೆಗೆ ತರಬೇಕು. ಗೆರೆಯೇನೋ ನನ್ನ ಕಸುಬೇ. ಎರಡು ಬಿಂದುಗಳ ಮೂಲಕ ಒಂದೇ ಸರಳರೇಖೆ ಎಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ನಲವತ್ತೆಂಟರ ಕಣ್ಣಿಗೆ, ಅದರ ಮೇಲಿನ ಎರಡು ಭಾಗದ ಕನ್ನಡಕಕ್ಕೆ, ಯೂಕ್ಲಿಡ್ ಗೊತ್ತಿಲ್ಲ. ಹತ್ತಿರದ್ದು ಕಂಡರೆ ದೂರದ್ದು ಮಾಯ, ದೂರದ್ದು ಕಂಡರೆ ಹತ್ತಿರದ್ದು.

"ಎಲ್ಲಾ ಒಮ್ಮೆ ಚೊಕ್ಕ ಕಾಣಂಗಿಲ್ರೀ ಮಾಸ್ತರ" ಎಂದರು ಬಿರಾದಾರ ಸಾಹೇಬರು. "ನಳಿಗಿ ತುದಿ ಮ್ಯಾಲ ಕಣ್ಣಿಡ್ರಿ. ದೂರಿಂದು ಮಬ್ಬ ಕಾಣ್ತದ, ಕಾಣ್ಲಿ ಬಿಡ್ರಿ."

ಕಾಣಲಿ ಬಿಡುವುದೇ! ದೂರದ್ದನ್ನು ಮಬ್ಬಾಗಿ ಬಿಟ್ಟು ಸುಮ್ಮನಿರುವ ಹಾಗಿದ್ದರೆ ನಾನು ನಾನೇಕೆ ಆಗುತ್ತಿದ್ದೆ? ಇನ್ನೂ ಬರದ ಮಂಡಿನೋವಿಗೆ ಈಗಿನಿಂದಲೇ ಕೋಲು ನೋಡಿಟ್ಟವನು ನಾನು. ಸಾಲದ್ದಕ್ಕೆ ಆ ಹಿರಿಯರು ಒದೆಯುತ್ತಿದ್ದರು. ಗುಂಡು ಹಾರಿದ ಕ್ಷಣ ಬಂದೂಕು ಹಿಂದಕ್ಕೆ ಬಂದು ಹೆಗಲಿಗೆ ಗುದ್ದುತ್ತದೆ. ಎಲ್ಲರಿಗೂ ಗುದ್ದಿದ ಮೇಲೆ ನೋವಾದರೆ ನನಗೆ ಗುದ್ದುವ ಮೊದಲೇ ಆಗುತ್ತಿತ್ತು. ಬೆರಳು ಟ್ರಿಗರಿನ ಮೇಲೆ ಬಂದ ಕೂಡಲೇ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಎಳೆದುಬಿಡುತ್ತಿದ್ದೆ. ಗುಂಡು ಪ್ರತಿ ಸಲವೂ ಒಂದೇ ಕಡೆ ಹೋಗುತ್ತಿತ್ತು: ಕೆಳಗೆ, ಸ್ವಲ್ಪ ಬಲಕ್ಕೆ.

ಇದು ಊರಿಗೆಲ್ಲ ಗೊತ್ತಾಗಲು ಅಲ್ಲೊಂದು ಪದ್ಧತಿಯಿತ್ತು. ಗುರಿಹಲಗೆಗಳ ಬುಡದಲ್ಲಿ ಆಳುದ್ದದ ಕಂದಕ. ಕೆಲವರು ಹೊಡೆಯುವಾಗ ಉಳಿದವರು ಸರದಿಯಂತೆ ಆ ಕಂದಕದಲ್ಲಿ ಕೂತಿರಬೇಕು. ಹೊಡೆತ ನಿಂತ ಮೇಲೆ ಉದ್ದ ಕೋಲಿನ ತುದಿಯ ಬಿಲ್ಲೆಯಿಂದ ಗುಂಡು ಎಲ್ಲಿ ತಗುಲಿತೆಂದು ತೋರಿಸಬೇಕು, ತಗುಲದಿದ್ದರೆ ಕೆಂಪು ಬಾವುಟ ಬೀಸಬೇಕು, ಆಮೇಲೆ ಮೈದಾ ಅಂಟು ಸವರಿ ತೂತುಗಳಿಗೆ ಕಾಗದದ ತ್ಯಾಪೆ ಹಚ್ಚಬೇಕು. ನನ್ನ ಕಾಗದದ ಬಲಮೂಲೆ ತ್ಯಾಪೆಯ ಮೇಲೆ ತ್ಯಾಪೆ ಬಿದ್ದು ರಟ್ಟಿನಂತೆ ದಪ್ಪಗಾಗಿತ್ತು. ಶಿಬಿರದಲ್ಲಿ ನಮಗೆ ಹೆಚ್ಚು ಹತ್ತಿರವಾದವರು ನೆಹರು ಗಂಜ್ ಪೇಟೆಯ ತೊಗರಿಬೇಳೆ ವ್ಯಾಪಾರಿ ಖಾದರ್ ಸೇಠ್. "ಮಾಸ್ತರ್ ಸಾಬ್, ನಿಮ್ದು ಪಾಳಿ ಬಂತಂದ್ರ ನಾ ಅಂಟಿನ ಡಬ್ಬಿ ಮೊದಲೇ ಬಲಕ್ಕ ಇಟ್ಟು ಕೂಡ್ತೀನಿ" ಎಂದು ನಗುತ್ತಿದ್ದರು.

ಮಂದಾಳದು ಬೇರೆ ಕಥೆ. ಮಲಗಿ, ಸೆರಗು ಬಿಗಿದು, ಹೆಗಲಿಗೆ ಮಡಿಸಿದ ಟವೆಲಿಟ್ಟುಕೊಂಡು, ಸಾರಿಗೆ ಉಪ್ಪು ಸಾಕೋ ಇಲ್ಲವೋ ನೋಡುವಷ್ಟೇ ಹೊತ್ತು ತಡೆದು, ಟ್ರಿಗರ್ ಒತ್ತುತ್ತಿದ್ದಳು. ಮೊದಲ ಭಾನುವಾರವೇ ಕರಿ ಚುಕ್ಕೆ. ಎರಡನೇ ಭಾನುವಾರ ಬಿರಾದಾರ ಸಾಹೇಬರು ಅವಳ ಕಾಗದವನ್ನು ಎಲ್ಲರಿಗೂ ತೋರಿಸಿದರು. ಮೂರನೆಯದರಿಂದ ಚಹಾದ ಥರ್ಮಾಸು ಹಿಡಿಯುವ ಕೆಲಸ ನನಗೆ ಬಂತು. ಒಂದು ದಿನ ರೊಟ್ಟಿ ಬಡಿಯುತ್ತ, "ಯಾಕೋ ಏನೋರೀ, ಬೆಂಗಳೂರಿಗೆ ಹೋಗಬೇಕನಸ್ತದ ನನಗ" ಎಂದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ತನಗೆ ಇಂಥದ್ದು ಬೇಕು ಎಂದು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು. ಮರುಗಳಿಗೆಯೇ, ಆಗದೆ ಹೋದರೆ ಎಂಬ ಚಿಂತೆಯೂ ಹತ್ತಿತು.

ಸ್ಪರ್ಧೆಯ ದಿನ ಬಂತು. ಕೊನೆಯ ಸುತ್ತಿನ ಹೊತ್ತಿಗೆ ಪೈಪೋಟಿ ಉಳಿದದ್ದು ಖಾದರ್ ಸೇಠರಿಗೂ ಮಂದಾಳಿಗೂ. ಸೇಠರು ಗೆಲ್ಲುವುದು ಖಾತ್ರಿಯೆಂದು ಗಂಜಿನಲ್ಲಿ ಆಗಲೇ ಹೇಳಿಕೊಂಡು, ಬೆಂಗಳೂರಿಗೆಂದು ಕೋಟು ಹೊಲಿಸಲು ಹಾಕಿಬಿಟ್ಟಿದ್ದರು. ತಮ್ಮ ಐದು ಗುಂಡು ಚೆನ್ನಾಗಿಯೇ ಹೊಡೆದು ಎದ್ದರು. ಮುಂದಿನ ಸರದಿ ಮಂದಾಳದು. ಅವಳ ಬಲಕ್ಕೇ, ಪಕ್ಕದ ಗುರಿಹಲಗೆಗೆ, ಸೋಲುವುದು ಖಾತ್ರಿಯಾಗಿದ್ದ ನಾನು. ಕೊನೆಯ ಸುತ್ತಿನಲ್ಲಿ ಐದೂ ಗುಂಡು ಮುಗಿಯುವ ತನಕ ಕಂದಕದಿಂದ ಕೋಲೂ ಇಲ್ಲ, ಬಾವುಟವೂ ಇಲ್ಲ.

ನಾನು ಮಲಗಿದೆ. ಆದರೆ ಕಣ್ಣು ನನ್ನ ಬಂದೂಕಿನ ಮೇಲೆ ನಿಲ್ಲಬೇಕಲ್ಲ? ಮಂದಾಳ ಹೆಗಲಿನ ಟವೆಲು ಜಾರಿತೇನೋ ಎಂದು ಒಮ್ಮೆ ನೋಡಿದೆ. ಕೆಂಪಿರುವೆ ಇವೆಯೇನೋ ಎಂದು ಒಮ್ಮೆ ನೋಡಿದೆ. ಅವಳ ಗುಂಡು ಎಲ್ಲಿ ತಗುಲಿತೋ ಎಂದು ಅವಳ ಹಲಗೆಯನ್ನೇ ಕಣ್ಣು ಕಿರಿದು ಮಾಡಿ ನೋಡಿದೆ. ನೋಡುತ್ತ ನೋಡುತ್ತಲೇ ನನ್ನ ಬಂದೂಕನ್ನೂ ಹೆಗಲಿಗೇರಿಸಿದೆ. ಒಂದರ ಹಿಂದೊಂದು ನನ್ನ ಐದೂ ಗುಂಡು ಹಾರಿದವು. ಒಂದು ಕೆಲಸ ಮುಗಿಯಿತಲ್ಲ ಎಂದು ನಿಟ್ಟುಸಿರು ಬಿಟ್ಟೆ.

ಕಂದಕದಿಂದ ಬಾವುಟ ಬರಲಿಲ್ಲ, ಒಬ್ಬ ಮನುಷ್ಯನೇ ಎರಡು ಕಾಗದ ಹಿಡಿದು ಓಡಿಬಂದ. ನನ್ನ ಕಾಗದ ಅಂಗಡಿಯಿಂದ ತಂದಷ್ಟೇ ಸ್ವಚ್ಛ. ಮಂದಾಳ ಕಾಗದದಲ್ಲಿ ಹತ್ತು ತೂತು. ಐದು ಕರಿ ಚುಕ್ಕೆಯಲ್ಲಿ, ಐದು ಅಂಚಿನ ಹತ್ತಿರ.

ಬಿರಾದಾರ ಸಾಹೇಬರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. "ಮಾಸ್ತರ, ಬಾಜೂ ಮನಿ ಬಾಗಿಲಾ ಬಡದೀರಲ್ರೀ!" ಎಂದರು. ಆಮೇಲೆ ನಗು ನಿಲ್ಲಿಸಿ ನಿಯಮ ಹೇಳಿದರು. ಬೇರೆಯವರ ಹಲಗೆಗೆ ಹೊಡೆದ ನನಗೆ ಸೊನ್ನೆ. ಅದು ನನಗೆ ಹೊಸತಲ್ಲ. ಆದರೆ ಒಂದು ಕಾಗದದಲ್ಲಿ ಯಾರ ತೂತು ಯಾವುದೆಂದು ತಿಳಿಯದಿದ್ದರೆ ಕಡಿಮೆ ಅಂಕದ ಐದನ್ನೇ ಆ ಕಾಗದದವರ ಲೆಕ್ಕಕ್ಕೆ ಹಿಡಿಯಬೇಕು. ಅಂದರೆ ನಾನು ಅಂಚಿಗೆ ಹೊಡೆದದ್ದು ಮಂದಾಳ ಪಾಲಿಗೆ. ಅಂದರೆ ಬೆಂಗಳೂರು ಖಾದರ್ ಸೇಠರಿಗೆ.

ಮಂದಾ ಕನ್ನಡದಲ್ಲೂ ಬೈಯಲಿಲ್ಲ, ಮರಾಠಿಯಲ್ಲೂ ಬೈಯಲಿಲ್ಲ. ಹೆಗಲಿನ ಟವೆಲು ತೆಗೆದು ಮೆಲ್ಲಗೆ ಮಡಿಸತೊಡಗಿದಳು. ಅವಳು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಸಾಹೇಬ್ರ, ಅಂಚಿನವು ನನ್ನವು! ನಾ ಎಂದೂ ಚಲೋ ಹೊಡದಾವ ಅಲ್ಲ, ಯಾರನ್ನರ ಕೇಳ್ರಿ!" ಎಂದು ಅಂಗಲಾಚಿದೆ.

ಕೇಳುವ ಮೊದಲೇ ಮುಂದೆ ಬಂದವರು ಖಾದರ್ ಸೇಠ್. "ಸಾಬ್, ಇವ್ರ ಕಾಗದಕ್ಕ ಎಷ್ಟ ಸಲ ತ್ಯಾಪಿ ಹಚ್ಚೀನಿ ನಾ! ಹಮೇಶಾ ನೀಚೆ, ಸೀಧೆ ಹಾತ್ ಕು. ಕೆಳಗ, ಬಲಕ್ಕ. ಇದು ಮಾಸ್ತರ್ ಸಾಬ್‌ಂದೇ ಕೆಲಸ. ಕಣ್ಣ ಮುಚ್ಚಿ ಗುರ್ತ ಹಿಡೀತೀನಿ."

"ಸೇಠ್, ನೀವ ಸಾಕ್ಷಿ ಹೇಳಿದ್ರ ನೀವ ಸೋಲ್ತೀರಿ, ತಿಳೀತಿಲ್ಲೋ?" ಎಂದರು ಸಾಹೇಬರು.

"ಹೌ, ತಿಳೀತು. ಭಾಭಿ ಹೊಡದದ್ದು ನಾ ಹೊತ್ಕೊಂಡು ಹೋದ್ರ ಗಂಜ್‌ನ್ಯಾಗ ಮಾರಿ ಹ್ಯಾಂಗ ತೋರಿಸ್ಲಿ? ಕೋಟೇನು, ಮಗನ ಶಾದಿಗಿ ಹಾಕ್ಕೊಂಡ್ರಾಯ್ತು."

ಆಮೇಲೆ ಸಾಕ್ಷಿಗಳ ಸಾಲೇ ಹತ್ತಿತು. ಕಂದಕದಲ್ಲಿ ಕೂತೆದ್ದ ಪ್ರತಿಯೊಬ್ಬರೂ ಬಂದು ನಾನೆಷ್ಟು ಕೆಟ್ಟದಾಗಿ ಹೊಡೆಯುತ್ತೇನೆಂದು ತಮ್ಮ ತಮ್ಮ ಅನುಭವ ಹೇಳಿದರು. ಒಬ್ಬರು ನನ್ನ ಮುಚ್ಚಿದ ಕಣ್ಣನ್ನು ಅಭಿನಯಿಸಿ ತೋರಿಸಿದರು. ಇನ್ನೊಬ್ಬರು ಬಂದೂಕಿಲ್ಲದೆಯೇ ನನ್ನಂತೆ ಹೆಗಲು ಕುಣಿಸಿದರು. ಪ್ರೀತಿಯಿಂದ ಇಷ್ಟೊಂದು ಅವಮಾನವನ್ನು ನಾನು ಒಟ್ಟಿಗೆ ಪಡೆದದ್ದಿಲ್ಲ. ಕಣ್ಣಲ್ಲಿ ನೀರು ಬಂತು.

ಬಿರಾದಾರ ಸಾಹೇಬರು ಮಾತ್ರ, "ಬಾಯಿ ಮಾತ ನಡಿಯಂಗಿಲ್ಲ, ಕಣ್ಣಿಗಿ ಕಾಣಬೇಕು" ಎಂದರು. ಮುಖ್ಯ ಅತಿಥಿಗಳ ಕೈಯಲ್ಲಿ ಹಾರಿಸಲೆಂದು ಮೂರು ಗುಂಡು ತೆಗೆದಿಟ್ಟಿದ್ದರು. ಅತಿಥಿಗಳು ಬೇರೆ ಸಮಾರಂಭವಿದೆಯೆಂದು ಬಂದಿರಲಿಲ್ಲ. ಮುಖ್ಯ ಅತಿಥಿ ಬಾರದ್ದಕ್ಕೆ ನಾನು ದೇವರಿಗೆ ಕೈಮುಗಿದದ್ದು ಅದೊಂದೇ ಸಲ. "ಹೊಸ ಕಾಗದಕ್ಕ ಹೊಡೀರಿ ಮಾಸ್ತರ. ಆದ್ರ ಬೇಕಂತ ಕೆಡಿಸಿದ್ರ ನನಗ ಗೊತ್ತಾಗ್ತದ. ಮನಸ್ಸಿಟ್ಟು ಗುರಿ ಇಡಬೇಕು. ನಿಮ್ಮ ಗುಂಡು ಎಲ್ಲಿ ಹೋಗ್ತದ, ನೋಡೂಣು."

ನನ್ನ ಅವಸ್ಥೆ ಯೋಚಿಸಿ. ಇಡೀ ಶಿಬಿರ ನನ್ನ ಹಿಂದೆ ನಿಂತು ನಾನು ತಪ್ಪಲಿ ಎಂದು ಹರಸುತ್ತಿದೆ. ನಾನು ಮಾತ್ರ ತಪ್ಪಬೇಕೆಂದು ಬಯಸದೆ ತಪ್ಪಬೇಕು. ಮಲಗಿದೆ. ಹೊಡೆತ ಕೆಟ್ಟರೂ ಚಿಂತೆಯಿಲ್ಲ ಎನ್ನುವ ಸ್ಥಿತಿ ಜೀವಮಾನದಲ್ಲಿ ಮೊದಲ ಬಾರಿ ನನಗೆ ಬಂದಿತ್ತು. ಮೈ ಹಗುರಾಯಿತು. ನಳಿಗೆಯ ತುದಿ ಸ್ಪಷ್ಟವಾಗಿ ಕಂಡಿತು, ದೂರದ್ದು ಮಬ್ಬಾಗಿಯೇ ಉಳಿಯಿತು, ಉಳಿಯಲಿ ಎನಿಸಿತು. ಬೆರಳು ತಾನಾಗಿ ಒತ್ತಿತು. ಕಂದಕದಿಂದ ಕೋಲು ಮೇಲೆದ್ದು, ಅಳುಕುತ್ತ ಅಳುಕುತ್ತ, ನಟ್ಟನಡುವಿನ ಕರಿ ಚುಕ್ಕೆಯ ಮೇಲೆ ನಿಂತಿತು.

ಹಿಂದಿನಿಂದ "ಯಾ ಅಲ್ಲಾ" ಎಂದರು ಖಾದರ್ ಸೇಠ್. ಅಷ್ಟು ವಾರ ಹಂಬಲಿಸಿದ ಕರಿ ಚುಕ್ಕೆ ಸಿಕ್ಕಾಗ ನನಗೆ ಅಳು ಬಂತು.

ಆಗ ಮಂದಾ, "ಸಾಹೇಬ್ರ, ಅವರ ಚಾಳೀಸ ಮಸುಕಾಗ್ಯದ, ಒರಸಿ ಕೊಡ್ತೀನ್ರಿ" ಎಂದು ಬಂದು ಬಗ್ಗಿದಳು. ಕನ್ನಡಕವನ್ನು ಸೆರಗಿನಿಂದ ಒರೆಸಿ ಮೂಗಿನ ಮೇಲೆ ಇಡುತ್ತ, ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು: "ಅನ್ನಂಗ... ಮುಂಜಾನಿ ಗ್ಯಾಸ್ ಬಂದ್ ಮಾಡಿ ಬಂದೀನೋ ಇಲ್ಲೋ, ನೆನಪ ಆಗವಲ್ಲದು ನೋಡ್ರಿ."

ನಾನು ಏಳಲು ಹೋದೆ. "ಮಲಕ್ಕೋರೀ!" ಎಂದು ಸಾಹೇಬರು ಗದರಿದರು. ಇಲ್ಲಿ ನಾನು ಮಲಗಿದ್ದೇನೆ, ಅಲ್ಲಿ ಮನೆ ತುಂಬ ಗ್ಯಾಸು ತುಂಬುತ್ತಿದೆ. ಪಕ್ಕದ ಮನೆಯ ಅಜ್ಜಿ ದೀಪ ಹಚ್ಚುವ ಹೊತ್ತು ಬೇರೆ ಹತ್ತಿರ ಬರುತ್ತಿದೆ. ಬೇಗ ಮುಗಿಸಿ ಓಡಬೇಕೆಂದು ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದೆ, ಎಳೆದೆ. ಕೋಲು ಎದ್ದಿತು. ಕೆಳಗೆ, ಸ್ವಲ್ಪ ಬಲಕ್ಕೆ. ಮತ್ತೆ ಎಳೆದೆ. ಕೆಳಗೆ, ಸ್ವಲ್ಪ ಬಲಕ್ಕೆ, ಹಿಂದಿನ ತೂತಿಗೆ ಮುಟ್ಟಿದ ಹಾಗೆ. ಹಿಂದಿನಿಂದ ಚಪ್ಪಾಳೆಯೋ ಚಪ್ಪಾಳೆ. ಗುರಿ ತಪ್ಪಿದ್ದಕ್ಕೆ ಹೆಗಲ ಮೇಲೆ ಹೊತ್ತು ಕುಣಿಸಿದ್ದು ಪ್ರಪಂಚದಲ್ಲಿ ನನ್ನೊಬ್ಬನನ್ನೇ ಇರಬೇಕು.

ಬಿರಾದಾರ ಸಾಹೇಬರು ಹೊಸ ಕಾಗದವನ್ನು ಹಳೆಯದರ ಮೇಲಿಟ್ಟು, ಎತ್ತಿ ಬೆಳಕಿಗೆ ಹಿಡಿದು ನೋಡಿದರು. ತಲೆಯಾಡಿಸಿದರು. "ಬಾಯಾರ, ನಡುವಿನ ಐದೂ ನಿಮ್ಮವು. ಬೆಂಗಳೂರಿಗಿ ತಯಾರಾಗ್ರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಅವರ ಕಿವ್ಯಾಗ ಏನೋ ಅಂದ್ರಲ್ಲ, ಏನದು?" ಎಂದರು.

"ಏನಿಲ್ರೀ, ಮನಿ ಮಾತು" ಎಂದಳು ಮಂದಾ.

ಮರಳುವಾಗ ಕಮಲಾಪುರದಲ್ಲಿ ವ್ಯಾನು ನಿಲ್ಲಿಸಿ, ಗೆದ್ದವರು ಕೊಡಿಸಬೇಕಾದ ಕೆಂಬಾಳೆ ಹಣ್ಣನ್ನು ಸೋತ ಖಾದರ್ ಸೇಠರು ಎಲ್ಲರಿಗೂ ಕೊಡಿಸಿದರು. ನಾನು ಸಿಪ್ಪೆ ಸುಲಿಯುವುದನ್ನೂ ಮರೆತು, ಬೇಗ ನಡೆಯಪ್ಪಾ ಎಂದು ಡ್ರೈವರನ ಬೆನ್ನು ಹತ್ತಿದ್ದೆ. ಮನೆ ಮುಟ್ಟಿದವನೇ ಚಪ್ಪಲಿಯಲ್ಲೇ ಅಡುಗೆಮನೆಗೆ ನುಗ್ಗಿದೆ. ವಾಸನೆಯಿಲ್ಲ, ಸದ್ದಿಲ್ಲ.

"ಸಿಲಿಂಡರ್ ನಿನ್ನೇನೇ ಖಾಲಿ ಆಗ್ಯದರೀ" ಎಂದಳು ಮಂದಾ ಹಿಂದಿನಿಂದ. "ಮುಂಜಾನಿ ಚಹಾ ಸೀಮೆಎಣ್ಣಿ ಸ್ಟೋವಿನ ಮ್ಯಾಲ ಮಾಡಿದ್ದು. ಕುಡದೂ ಗೊತ್ತಾಗಲಿಲ್ಲ ನಿಮಗ?"

ಕುರ್ಚಿಯ ಮೇಲೆ ಕುಸಿದೆ. "ಇವತ್ತ ನಿನ್ನ ಬೆಂಗಳೂರು ಕಳದುಬಿಡ್ತಿದ್ದೆ ನಾ" ಎಂದೆ. ಅವಳು ಟವೆಲನ್ನು ಗೂಟಕ್ಕೆ ಹಾಕುತ್ತ ಹೇಳಿದಳು: "ನನ್ನ ಕೈ ಯಾಕ ನಡಗಂಗಿಲ್ಲಂತ ಎಲ್ಲಾರೂ ಕೇಳ್ತಾರ. ಮನ್ಯಾಗಿನ ಚಿಂತಿ ಎಲ್ಲಾ ನೀವೊಬ್ಬರ ಮಾಡಿ ಮುಗಸ್ತೀರಿ. ನನಗ ಮಾಡೂದು ಏನ ಉಳೀತದ, ಬರೇ ಗುರಿ. ಬೆಂಗಳೂರಿಗೂ ಬರ್ರಿ ನೀವು. ಹಿಂದ ಕೂತು ಚಿಂತಿ ಮಾಡ್ರಿ."

ನನ್ನ ಚಿಂತೆಗೆ ಯಾರಾದರೂ ಉಪಕಾರ ಸ್ಮರಿಸಿದ್ದು ಅದೇ ಮೊದಲು. ಹೋದೆ. ಖಾದರ್ ಸೇಠರು ರೈಲ್ವೆ ಸ್ಟೇಷನ್ನಿಗೆ ಆ ಹೊಸ ಕೋಟು ಹಾಕಿಕೊಂಡೇ ಬಂದು ನಮ್ಮನ್ನು ಕಳಿಸಿಕೊಟ್ಟರು. ಬೆಂಗಳೂರಿನಲ್ಲಿ ಮಂದಾಳಿಗೆ ಪದಕ ಬರಲಿಲ್ಲ, ಆದರೆ ಅಂಥದೇ ಹಳೆಯ ತ್ರೀ ನಾಟ್ ತ್ರೀ ಹಿಡಿದು ದೊಡ್ಡ ದೊಡ್ಡವರ ನಡುವೆ ಮಲಗಿ ಒಂದು ಗುಂಡನ್ನೂ ಹಾಳುಮಾಡದೆ ಎದ್ದಳು. ಎದ್ದಾಗ ಅವಳ ಮುಖ ನೋಡಬೇಕಿತ್ತು. ಒಳಗೆ ಬಿಡಲು ಏನಾದರೊಂದು ಹುದ್ದೆ ಬೇಕೆಂದು ಅಲ್ಲಿಯವರು ನನ್ನ ಎದೆಗೆ 'ತರಬೇತುದಾರ' ಎಂಬ ಚೀಟಿ ಚುಚ್ಚಿದ್ದರು. ಮೈಸೂರು ಕಡೆಯ ತಂಡದ ಹಿರಿಯರೊಬ್ಬರು ಅದನ್ನು ಓದಿ, ಮಂದಾಳ ಕಾಗದವನ್ನೂ ನೋಡಿ, ಬಹಳ ಗೌರವದಿಂದ ಹತ್ತಿರ ಬಂದರು. "ಮೇಡಮ್ಮೋರು ಇಷ್ಟು ಶಾಂತವಾಗಿ ಹೊಡೀತಾರಲ್ಲ ಸಾರ್, ಹೆಂಗ್ ಟ್ರೈನ್ ಮಾಡ್ತೀರಾ ನೀವು?" ಎಂದು ಕೇಳಿದರು.

"ವಿಶೇಷವೇನಿಲ್ಲ" ಎಂದೆ. "ಅವರ ಪಕ್ಕದ ಹಲಗೆ ನನಗೆ ಸಿಗದ ಹಾಗೆ ನೋಡಿಕೊಳ್ಳುತ್ತೇನೆ."